ಬಂಗಾರ ಕರಗಿಸಿದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ನಾನು ಲಕ್ಷ್ಮೇಶ್ವರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿದ್ದೆ. ಹುಡುಗಿಯರು ಬ್ಯುರೆಟ್ಟಿನಿಂದ ಹನಿ ಹನಿಯಾಗಿ ಆಮ್ಲ ಬಿಡುತ್ತ ಬಣ್ಣ ತಿರುಗುವುದನ್ನು ಕಾಯುತ್ತಿದ್ದರು. ಫೋನು ಮುಗಿಸಿ ಒಳಗೆ ಬಂದವಳ ಮುಖ ನೋಡಿ ಒಬ್ಬಳು, "ಏನಾತ್ರಿ ಮೇಡಂ?" ಎಂದಳು.

"ನನಗ ಕಲಿಸಿದವರು ಹೋದ್ರವಾ" ಎಂದೆ.

ಪಾಪ, ಆ ಹುಡುಗಿ, "ಹಂಗಾರ ಕ್ಲಾಸ್ ಬಿಡ್ತೀರೇನ್ರಿ?" ಎಂದಳು.

ಬಿಡಲಿಲ್ಲ. ಪ್ರಯೋಗ ಅರ್ಧಕ್ಕೆ ಬಿಟ್ಟು ಎದ್ದು ಹೋಗುವವರನ್ನು ಕಂಡರೆ ಅಕ್ಕೋರಿಗೆ ಸೇರುತ್ತಿರಲಿಲ್ಲ. ಎಲ್ಲ ಮುಗಿಸಿ, ಗಾಜಿನ ಸಾಮಾನು ತೊಳೆಸಿ ಇಡಿಸಿ, ಗದಗಿನ ಬಸ್ಸು ಹತ್ತಿದೆ. ಯಳವತ್ತಿ ದಾಟುವವರೆಗೆ ಗಟ್ಟಿಯಾಗಿಯೇ ಕೂತಿದ್ದೆ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡೆ.

ಅವರಿಗೆ ಅಕ್ಕೋರು ಎಂಬ ಹೆಸರು ಅಂಟಿಸಿದವಳು ನಾನೇ. ನಮ್ಮ ಕಡೆ ಸಣ್ಣ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಹಾಗನ್ನುತ್ತಾರೆ. ಲಕ್ಷ್ಮೇಶ್ವರದ ಹತ್ತಿರದ ನಮ್ಮೂರು ಅಡರಕಟ್ಟಿಯಿಂದ ಗದಗಿನ ಕಾಲೇಜಿಗೆ ಬಂದ ಮೊದಲ ದಿನ ಬಸ್ಸು ತಡವಾಗಿ, ಏದುಸಿರು ಬಿಡುತ್ತ ರಸಾಯನಶಾಸ್ತ್ರದ ಕ್ಲಾಸಿನ ಬಾಗಿಲಲ್ಲಿ ನಿಂತು, "ಅಕ್ಕೋರ, ಒಳಗ ಬರ್ಲ್ಯಾ?" ಎಂದುಬಿಟ್ಟಿದ್ದೆ. ಕ್ಲಾಸೆಲ್ಲ ಗೊಳ್ಳೆಂದಿತು. ಅವರು ನಗಲಿಲ್ಲ.

"ಬಾ ತಂಗಿ. ನಾನೂ ಲಕ್ಷ್ಮೇಶ್ವರದಾಕಿ. ನನಗೇನು ಮೇಡಂ ಅಂದ್ರಷ್ಟ ಕಿವಿ ಕೇಳ್ತಾವೇನು?"

ಅವತ್ತಿನಿಂದ ಇಡೀ ಕಾಲೇಜಿಗೆ ಅವರು ಅಕ್ಕೋರಾದರು. ಕಡೆಗೆ ಪ್ರಿನ್ಸಿಪಾಲರೂ ಹಾಗೇ ಕರೆಯತೊಡಗಿದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಲಕ್ಷ್ಮೇಶ್ವರದಲ್ಲಿ ಅವರ ತಂದೆಯದು ಹತ್ತಿ ಮತ್ತು ಶೇಂಗಾದ ವ್ಯಾಪಾರ. ಮಗಳು ಬಿ.ಎಸ್ಸಿ. ಮುಗಿಸಿದ ವರ್ಷವೇ ಗದಗಿನ ಒಂದು ಮನೆತನಕ್ಕೆ ಕೊಟ್ಟರು. ಗಂಡನದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಕ್ಯಾಲೆಂಡರ್, ಜಾಹೀರಾತಿನ ಚೀಟಿ ಹಾಕುವಂಥದ್ದು. ನಾವೆಲ್ಲ ಪ್ರೆಸ್ಸಿನ ಅಣ್ಣಾರು ಅನ್ನುತ್ತಿದ್ದ ಅವರು ಭಾಳ ಮಾತಿನವರಲ್ಲ. ಹೆಂಡತಿ ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡುತ್ತೇನೆಂದಾಗ, "ಮುಂಜಾನಿ ಗಾಡಿಗೆ ಹೋದ್ರ ಸಂಜಿ ಗಾಡಿಗೆ ಬರಬಹುದು" ಎಂದಷ್ಟೇ ಹೇಳಿದ್ದರಂತೆ. ಅದೇ ಅವರ ಒಪ್ಪಿಗೆ. ಮುಂದೆ ಹೆಂಡತಿಯ ಸಂಶೋಧನಾ ಪ್ರಬಂಧವನ್ನು ಮೊದಲಿಂದ ಕೊನೆಯ ತನಕ ತಿದ್ದಿದವರೂ ಅವರೇ. "ಇದರಾಗ ಏನೈತಂತ ನನಗ ಗೊತ್ತಿಲ್ಲ. ಅಕ್ಷರ ಮಾತ್ರ ಒಂದೂ ತಪ್ಪಿಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದರು.

ಅಕ್ಕೋರು ಈ ಅತಿಸೂಕ್ಷ್ಮ ಕಣಗಳ ಹಿಂದೆ ಬಿದ್ದಾಗ ನಮ್ಮ ಕಡೆ ನ್ಯಾನೋ ಎಂಬ ಮಾತೇ ಯಾರಿಗೂ ಗೊತ್ತಿರಲಿಲ್ಲ. ಮುಂದೆ ಆ ಹೆಸರಿನ ಸಣ್ಣ ಕಾರು ಬಂದ ಮೇಲಂತೂ ಗೊಂದಲ ಇನ್ನಷ್ಟಾಯಿತು. ಬೆಟಗೇರಿಯ ನೇಕಾರರೊಬ್ಬರು ಒಮ್ಮೆ ದಾರಿಯಲ್ಲಿ ನಿಲ್ಲಿಸಿ, "ಅಕ್ಕೋರ, ನೀವು ಅದರಾಗ ಕೆಲಸ ಮಾಡ್ತೀರಂತಲ್ಲ, ನಮಗೊಂದು ಕಡಿಮಿ ರೇಟಿಗೆ ಕೊಡಸ್ರಿ" ಎಂದಿದ್ದರು.

ಪುಸ್ತಕದಲ್ಲಿ ಅವರು ಓದಿದ್ದು ಒಂದೇ ಸಂಗತಿ. ಬಂಗಾರವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿ ಮಾಡಿದರೆ ಅದು ಹಳದಿಯಾಗಿ ಉಳಿಯುವುದಿಲ್ಲ, ಕೆಂಪಾಗುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದು ಅವರಿಗೆ ಹಟ ಹತ್ತಿತು. ಕಾಲೇಜಿಗೆ ಬಂಗಾರದ ಲವಣ ತರಿಸಿಕೊಡಿ ಎಂದು ಕೇಳಿದರೆ, "ಮೊದಲು ಬುನ್ಸೆನ್ ಬರ್ನರಿನ ನಳಿಗೆ ಬದಲಿಸೋಣ್ರಿ" ಎಂಬ ಉತ್ತರ ಬಂತು. ಅದೂ ಖರೆಯೇ, ನಳಿಗೆ ಹರಿದಿತ್ತು. ಅಕ್ಕೋರು ತಮ್ಮ ಕಿವಿಯ ರಿಂಗು ಬಿಚ್ಚಿದರು. ತವರಿನಿಂದ ಬಂದ ಜೋಡಿ.

ಆಗ ನಾನು ಕೊನೆಯ ವರ್ಷದಲ್ಲಿದ್ದೆ. ಎರಡು ಆಮ್ಲಗಳನ್ನು ಕೂಡಿಸಿದ ದ್ರಾವಣದಲ್ಲಿ ಒಂದು ರಿಂಗು ಹಾಕಿದರು. ಅದು ಗುಳ್ಳೆ ಬಿಡುತ್ತ ಸವೆದು ಮಾಯವಾಯಿತು. ಮುಂದೆ ಕುದಿಸಿ, ಸೋಸಿ, ಇನ್ನೊಂದು ಲವಣ ಕೂಡಿಸಿದಾಗ ಕೆಂಪು ಬರಬೇಕಿತ್ತು. ಬಂದದ್ದು ಮಸಿ ತೊಳೆದ ನೀರು. ನಾವೆಲ್ಲ ಅವರ ಬರಿ ಕಿವಿಯನ್ನೇ ನೋಡಿದೆವು.

"ಪಾತ್ರಿ ಹೊಲಸಿತ್ತು" ಎಂದರು ಅಕ್ಕೋರು, ಅಡುಗೆ ಕೆಟ್ಟವರ ಹಾಗೆ. "ಎಲ್ಲಾ ತೊಳೀರಿ. ತೊಳದದ್ದನ್ನ ಮತ್ತ ತೊಳೀರಿ."

ಮರುದಿನ ಎರಡನೆಯ ರಿಂಗು ತಂದರು. "ಅಕ್ಕೋರ, ಬ್ಯಾಡ್ರಿ" ಎಂದೆ. "ಒಂದ ಕಿವ್ಯಾಗ ಹಾಕ್ಕೊಂಡು ತಿರುಗಿದ್ರ ಮಂದಿ ಇನ್ನೂ ಹೆಚ್ಚು ಕೇಳ್ತಾರ" ಎಂದು ಹಾಕಿಯೇ ಬಿಟ್ಟರು. ಮುಂದಿನ ಲವಣ ಬಿದ್ದೊಡನೆ ಕುದಿಯುವ ನೀರು ಮೊದಲು ಬಣ್ಣ ಕಳೆದುಕೊಂಡಿತು, ಆಮೇಲೆ ಕಪ್ಪಿಟ್ಟಿತು. ನೋಡನೋಡುತ್ತ ಆ ಕಪ್ಪಿನೊಳಗಿಂದ ನೇರಳೆ ಬಂತು, ನೇರಳೆ ತಿಳಿಯಾಗಿ ದಾಳಿಂಬೆ ಕಾಳಿನ ಕೆಂಪಾಯಿತು. ಅಕ್ಕೋರು ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತರು. ಮೂಗಿನ ತುದಿಯಲ್ಲಿ ಬೆವರು, ತುಟಿಯ ಮೇಲೆ ನಗು. ಅಂಥ ಮುಖ ನಾನು ಆಮೇಲೆ ಬಾಣಂತಿಯರಲ್ಲಿ ಮಾತ್ರ ನೋಡಿದ್ದೇನೆ.

ಮನೆಯಲ್ಲಿ ಅತ್ತೆ ಇದ್ದರು. ಗಟ್ಟಿ ಹೆಣ್ಣುಮಗಳು. ಅಂದು ಅಕ್ಕೋರು ಬಾಟಲಿ ಹಿಡಿದು ಮನೆಗೆ ಹೋಗುವಾಗ ನನ್ನನ್ನೂ ಕರೆದೊಯ್ದಿದ್ದರು, ಬಹುಶಃ ಹೆದರಿಕೆಗೆ ಜೊತೆಯೆಂದು. ಅತ್ತೆ ಮೊದಲು ಕಿವಿ ನೋಡಿದರು, ಆಮೇಲೆ ಬಾಟಲಿ ನೋಡಿದರು.

"ರಿಂಗ್ ಎಲ್ಲವಾ?"

"ಇದರಾಗ ಅದಾವ್ರಿ ಅತ್ತಿ."

"ಯವ್ವಾ ಯವ್ವಾ! ಬಂಗಾರ ಕರಗಿಸಿ ಶರಬತ್ತ ಮಾಡ್ಯಾಳಲ್ಲೋ ನಿನ್ನ ಹೆಂಡ್ತಿ!" ಎಂದು ಒಳಗಿದ್ದ ಮಗನಿಗೆ ಕೇಳುವಂತೆ ಕೂಗಿದರು. ಪ್ರೆಸ್ಸಿನ ಅಣ್ಣಾರು ಹೊರಗೆ ಬಂದು ಬಾಟಲಿ ತಿರುಗಿಸಿ ನೋಡಿ, "ಬಣ್ಣ ಚಲೋ ಐತಿ. ನಮ್ಮ ಶಾಯಿಗೆ ಇಂಥಾ ಕೆಂಪು ಬರೂದಿಲ್ಲ" ಎಂದು ಮತ್ತೆ ಒಳಗೆ ಹೋದರು.

ಅತ್ತೆ ವಾರ ಮಾತಾಡಲಿಲ್ಲವಂತೆ. ಆಮೇಲೆ ಯಾರೋ ಬೀಗರು ಬಂದಾಗ ತಾವೇ ಬಾಟಲಿ ತಂದು ತೋರಿಸಿದರಂತೆ: "ನೋಡ್ರಿ, ಬಂಗಾರದ ನೀರು. ನಮ್ಮ ಸೊಸಿ ಮಾಡ್ಯಾಳ. ನಿಮ್ಮ ಸೊಸ್ತೇರು ಬಂಗಾರ ಹಾಕ್ಕೊಳ್ಳಾಕಷ್ಟ ಕಲತಾರ." ಆ ಬಾಟಲಿ ಅವರಿರುವ ತನಕ ದೇವರ ಮಾಡದ ಪಕ್ಕದಲ್ಲೇ ಇತ್ತು.

ಹೀಗೆ ಶುರುವಾಯಿತು. ಕಣ ಮಾಡುವುದು ಗದಗಿನಲ್ಲಿ, ನೋಡುವುದು ಬೆಂಗಳೂರಿನಲ್ಲಿ. ಅಂಥ ಸೂಕ್ಷ್ಮದರ್ಶಕ ನಮ್ಮ ಕಡೆ ಎಲ್ಲೂ ಇರಲಿಲ್ಲ. ಮಾದರಿಗಳನ್ನು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ, ಕೆಳಗಿನ ಖಾನೆಯಲ್ಲಿ ರೊಟ್ಟಿ, ಮೇಲಿನ ಖಾನೆಯಲ್ಲಿ ಬಂಗಾರ ಎಂದು ಇಟ್ಟುಕೊಂಡು ರೈಲಿನಲ್ಲಿ ಹೋಗುತ್ತಿದ್ದರು. ಮೊದಲ ಸಲ ಪರದೆಯ ಮೇಲೆ ತಮ್ಮ ಕಣಗಳನ್ನು ಕಂಡು ಬಂದಾಗ, "ಹೆಂಗಿದ್ವು ಅಕ್ಕೋರ?" ಎಂದು ಕೇಳಿದೆ. "ಜ್ವಾಳದ ರಾಶಿ ಇದ್ದಂಗ ಇದ್ವು. ತೂರಿ ಹಸನ ಮಾಡಿದ ರಾಶಿ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ನಮ್ಮನ್ನಂತೂ ಎಂದೂ ಹೊಗಳಲಿಲ್ಲ. ಸಿಟ್ಟು ಬಂದರೆ ಹೆಸರು ಬಿಟ್ಟು ಊರು ಹಿಡಿದು ಕರೆಯುತ್ತಿದ್ದರು. "ಏ ಅಡರಕಟ್ಟಿ, ಏ ಹರ್ತಿ, ಇಲ್ಲಿ ಬರ್ರಿ" ಎಂದರೆ ಏನೋ ಒಡೆದಿದೆ ಎಂದೇ ಅರ್ಥ.

ದೂರದ ನಗರದಲ್ಲಿ ನಡೆದ ಒಂದು ದೊಡ್ಡ ಸಮ್ಮೇಳನಕ್ಕೆ ನಾನೂ ಅವರ ಜೊತೆ ಹೋಗಿದ್ದೆ. ಅಕ್ಕೋರದು ಇಳಕಲ್ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಬಾಗಿಲಲ್ಲಿದ್ದ ಸ್ವಯಂಸೇವಕ ವಿನಯದಿಂದ, ವಿಜ್ಞಾನಿಗಳ ಮನೆಯವರಿಗೆ ಊರು ತೋರಿಸುವ ಬಸ್ಸು ಆ ಕಡೆ ನಿಂತಿದೆ ಎಂದ. ಅಕ್ಕೋರು ಅಷ್ಟೇ ವಿನಯದಿಂದ ಇಂಗ್ಲಿಷಿನಲ್ಲಿ, ಬಸ್ಸಿಗೆ ಸಂಜೆ ಬರುತ್ತೇನೆ, ಅದಕ್ಕೆ ಮೊದಲು ನನ್ನದೊಂದು ಭಾಷಣವಿದೆ ಎಂದರು. ಭಾಷಣ ಮುಗಿದ ಮೇಲೆ ಅವರ ಸುತ್ತ ನೆರೆದ ಜನ ನೋಡಿ ಆ ಹುಡುಗನೇ ಚಹಾ ತಂದುಕೊಟ್ಟ. ಸಂಜೆ ಅಕ್ಕೋರು ನಿಜವಾಗಿಯೂ ಆ ಬಸ್ಸು ಹತ್ತಿ ಊರು ನೋಡಿ ಬಂದರು.

ಆ ಭಾಷಣದ ನಂತರ ಎರಡು ಕಡೆಯಿಂದ ದೊಡ್ಡ ಸಂಸ್ಥೆಗಳವರು ಬರಲು ಕರೆದರು. ಮನೆ, ಪ್ರಯೋಗಾಲಯ, ಕೈಕೆಳಗೆ ಮಂದಿ. ಅಷ್ಟರಲ್ಲಿ ಅಕ್ಕೋರು ಮುಂಡರಗಿ ಕಡೆಯ ಒಂದು ಹಳ್ಳಿಗೆ ಹೋಗಿಬಂದಿದ್ದರು. ಅಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರ ಮಣಕಾಲು ಮಡಚಿದರೆ ಬಿಚ್ಚುವುದಿಲ್ಲ. ಅಕ್ಕೋರು ಬಂಗಾರ ಬಿಟ್ಟು, ಫ್ಲೋರೈಡನ್ನು ಹಿಡಿದುಕೊಳ್ಳುವ ಬೇರೆ ಕಣಗಳನ್ನು ಮಾಡತೊಡಗಿದ್ದರು.

"ಹೋಗ್ರಿ ಅಕ್ಕೋರ, ಅಲ್ಲಿ ಎಂಥೆಂಥಾ ಯಂತ್ರ ಅದಾವ" ಎಂದೆ ನಾನು. ಆಗ ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ.

"ಯಂತ್ರ ಅಲ್ಲೈತಿ, ನೀರು ಇಲ್ಲೈತಿ" ಎಂದರು. "ಯಂತ್ರದ ಕಡೆ ನಾ ಹೋಗಿ ಬರಬಹುದು. ನೀರು ನನ್ನ ಹಿಂದ ಬರ್ತದೇನು?"

ಪ್ರಯೋಗಾಲಯದಲ್ಲಿ ಆ ಕಣ ಸೊಗಸಾಗಿ ಕೆಲಸ ಮಾಡಿತು. ಬೆಂಗಳೂರಿನ ಒಂದು ಕಂಪನಿ ಮುಂದೆ ಬಂದು, ಆ ಹಳ್ಳಿಯ ಸಾಲಿಯ ಅಂಗಳದಲ್ಲಿ ಮೊದಲ ಶುದ್ಧೀಕರಣ ಘಟಕ ಕಟ್ಟಿತು. ಉದ್ಘಾಟನೆಯ ದಿನ ಪೆಂಡಾಲು, ಮೈಕು, ಅಧಿಕಾರಿಗಳು, ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ಸಾಲಾಗಿ ನಿಂತ ಮಕ್ಕಳು. ಅಂದೇ ಮೊದಲ ಸಲ ಪಂಪನ್ನು ಪೂರ್ತಿ ಜೋರಿನಲ್ಲಿ ಬಿಟ್ಟಿದ್ದರು. ಅದಕ್ಕೆ ಮುಂಚೆ ನಾವು ನಿಧಾನಕ್ಕೆ ಹರಿಸಿಯೇ ಪರೀಕ್ಷೆ ಮಾಡಿದ್ದೆವು.

ಅಕ್ಕೋರು ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ನೋಡಿದರು. ತಿಳಿಯಾಗಿತ್ತು. ಆದರೂ ನನ್ನನ್ನು ಕರೆದುಕೊಂಡು ಸಾಲಿಯ ನಕಾಶೆ ಇಡುವ ಕೋಣೆಗೆ ಹೋಗಿ, ಕಿಟಕಿ ಮುಚ್ಚಿಸಿ, ಪಾಠ ಮಾಡಲು ಬಳಸುವ ಲೇಸರ್ ಪೆನ್ನು ತೆಗೆದು ಅದರ ಬೆಳಕನ್ನು ಲೋಟಕ್ಕೆ ಬಿಟ್ಟರು. ಶುದ್ಧ ನೀರಾದರೆ ಬೆಳಕು ಕಾಣದ ಹಾಗೆ ಹಾದುಹೋಗುತ್ತದೆ. ನೀರಲ್ಲಿ ಸೂಕ್ಷ್ಮ ಕಣ ತೇಲುತ್ತಿದ್ದರೆ ದಾರಿ ಕಾಣುತ್ತದೆ. ಲೋಟದ ಆಚೆಯಿಂದ ಈಚೆಗೆ ಕೆಂಪು ದಾರದ ಹಾಗೆ ಗೆರೆ ಎದ್ದು ನಿಂತಿತು.

"ಉದುರ್ಯಾವ" ಎಂದರು ಅಕ್ಕೋರು. ಪಂಪಿನ ರಭಸಕ್ಕೆ ನಮ್ಮ ಕಣಗಳು ಕಿತ್ತು ನೀರಿಗೆ ಬಂದಿದ್ದವು.

ಕಂಪನಿಯವರು ಬಾಗಿಲಿಗೆ ಬಂದರು. ಒಳ್ಳೆಯ ಮನುಷ್ಯರೇ. "ಮೇಡಂ, ಎಲ್ಲರೂ ಕಾಯ್ತಿದ್ದಾರೆ. ಕಣ್ಣಿಗೇ ಕಾಣಲ್ಲ ಅಲ್ವಾ? ಇವತ್ತು ಆಗಿಹೋಗಲಿ, ನಾಳೆಯಿಂದ ಸರಿ ಮಾಡೋಣ."

"ಇದು ಹೊಟ್ಟಿಗೆ ಹ್ವಾದ್ರ ಏನಾಗ್ತದಂತ ನಿಮಗ ಗೊತ್ತೇನ್ರಿ?"

"ಏನೂ ಆಗಲಿಕ್ಕಿಲ್ಲ ಅನ್ಸುತ್ತೆ."

"ನನಗ ಹಂಗೂ ಅನಸೂದಿಲ್ಲ, ಹಿಂಗೂ ಅನಸೂದಿಲ್ಲ. ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹುಡುಗ್ರಿಗೆ ಹೆಂಗ ಕುಡಸ್ಲಿ?"

ಅಕ್ಕೋರು ನೇರವಾಗಿ ಪೆಂಡಾಲಿಗೆ ಹೋಗಿ ಮೈಕು ಹಿಡಿದರು. "ಈ ನೀರು ಇವತ್ತ ಯಾರೂ ಕುಡೀಬ್ಯಾಡ್ರಿ. ಇದರಾಗ ನಾವು ಹಾಕಿದ್ದ ಪುಡಿ ಬರಾಕತ್ತೈತಿ. ತಪ್ಪು ಕಂಪನಿಯವರದಲ್ಲ, ನಂದು. ಪಂಪ್ ಜೋರ್ ಬಿಟ್ಟು ನಾ ಮದ್ಲ ನೋಡಬೇಕಿತ್ತು, ನೋಡಿಲ್ಲ." ಮೈಕು ಕೆಳಗಿಟ್ಟು, ಸಾಲಿನಲ್ಲಿದ್ದ ಮಕ್ಕಳ ಕೈಯಿಂದ ಒಂದೊಂದೇ ಲೋಟ ತಾವೇ ಇಸಿದುಕೊಂಡರು.

ಆಗ ಹಿಂದಿನಿಂದ ಒಂದು ದನಿ ಎದ್ದಿತು. ಫಕ್ಕೀರವ್ವ ಎಂದು, ಸಾಲಿಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳು. ಶಿರಹಟ್ಟಿಯಿಂದ ಈ ಊರಿಗೆ ಸೊಸೆಯಾಗಿ ಬಂದು, ಈ ನೀರು ಕುಡಿದು ಮಣಕಾಲು ಕಳೆದುಕೊಂಡವಳು. "ಅಲ್ರಿ ಅಕ್ಕೋರ, ಇದನ್ನ ಕುಡೀಬ್ಯಾಡಂದ್ರಿ. ಬೋರಿಂದೂ ಕುಡೀಬ್ಯಾಡಂದ್ರಿ. ಹಂಗಾರ ನಾವು ಏನು ಕುಡ್ಯೂದು?"

ಅಕ್ಕೋರು ಇಸಿದುಕೊಂಡ ಲೋಟಗಳ ನೀರನ್ನು ಒಂದೊಂದಾಗಿ ನೆಲಕ್ಕೆ ಸುರಿದರು.

ಕಂಪನಿ ಹಿಂದೆ ಸರಿಯಿತು. ಸಹೋದ್ಯೋಗಿಗಳಲ್ಲಿ ಕೆಲವರು, ಮಂದಿಯ ಮುಂದೆ ಹೇಳುವ ಅಗತ್ಯವೇನಿತ್ತು ಎಂದರು. ಇನ್ನು ಕೆಲವರು ಸ್ಟಾಫ್‌ರೂಮಿನಲ್ಲಿ ನೀರು ಕುಡಿಯುವಾಗ ಲೋಟ ಎತ್ತಿ ಬೆಳಕಿಗೆ ಹಿಡಿದು ನಕ್ಕರು. ಅಕ್ಕೋರಿಗೆ ಅದು ಕಾಣುತ್ತಿತ್ತು. ಒಂದು ಮಧ್ಯಾಹ್ನ ತಕ್ಕಡಿಯ ಮುಂದೆ ಕೂತವರು ತೂಕ ಮಾಡುವುದನ್ನು ಬಿಟ್ಟು ಸುಮ್ಮನೆ ಅತ್ತರು. ನಾನು ಬಾಗಿಲು ಮುಂದಕ್ಕೆಳೆದು ಹೊರಗೆ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿಂದ, "ಅಡರಕಟ್ಟಿ, ಕ್ಯಾನ್ ಎಲ್ಲಿಟ್ಟಿ? ನಾಳೆ ಮುಂಡರಗಿ ಬಸ್ಸಿಗೆ ಹೋಗೂನು" ಎಂಬ ಕೂಗು ಬಂತು.

ಹೋದೆವು. ಫಕ್ಕೀರವ್ವ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಬೋರಿನ ನೀರು ತುಂಬಿಕೊಂಡು ಬಂದೆವು. ಮತ್ತೆ ಹೋದೆವು, ಮತ್ತೆ ಹೋದೆವು. ಒಂದು ಬಿಸಿಲ ದಿನ ಅವಳೇ ಮಜ್ಜಿಗೆ ತಂದು ಅಕ್ಕೋರ ಮುಂದಿಟ್ಟು, "ಎಷ್ಟಂತ ಅಡ್ಡಾಡ್ತೀರಿ? ಕುಂಡ್ರಿ" ಎಂದಳು.

ವರ್ಷಗಳೇ ಹಿಡಿದವು. ಕಣಗಳನ್ನು ಹೊರಗಿನಿಂದ ಅಂಟಿಸಿದರೆ ಉದುರುತ್ತವೆ, ಹಾಗಾಗಿ ಜೇಡಿಮಣ್ಣಿನ ಗುಂಡಿನ ಒಳಗೇ ಅವನ್ನು ಹುಟ್ಟಿಸಬೇಕು ಎಂಬುದು ಅಕ್ಕೋರಿಗೆ ಹೊಳೆದ ಮೇಲೆ ನಮ್ಮ ಬದುಕೆಲ್ಲ ಗುಂಡು ಮಾಡುವುದು, ಸುಡುವುದು, ಒಡೆದು ನೋಡುವುದು. ಆ ನಡುವೆಯೇ ನನ್ನ ಮದುವೆಯಾಯಿತು. ಅಡರಕಟ್ಟಿಯ ಹಂದರದಲ್ಲಿ ಅಕ್ಕೋರು ಅಕ್ಷತೆ ಹಾಕಿ ನನ್ನ ಕಿವಿಯ ಹತ್ತಿರ ಬಗ್ಗಿದರು. ಆಶೀರ್ವಾದವೆಂದು ಕಣ್ಣು ಮುಚ್ಚಿದೆ.

"ಕುಲುಮಿ ಬಂದ್ ಮಾಡಿ ಬಂದೀಯಿಲ್ಲೋ?"

"ಮಾಡೀನ್ರಿ."

"ಹಂಗಾರ ಸುಖವಾಗಿರು."

ಎರಡನೆಯ ಘಟಕಕ್ಕೆ ಪೆಂಡಾಲಿರಲಿಲ್ಲ. ಪಂಪನ್ನು ಜೋರಾಗಿ ಬಿಟ್ಟು, ನಿಲ್ಲಿಸಿ, ಮತ್ತೆ ಬಿಟ್ಟು, ಒಂದು ಬೇಸಿಗೆ, ಒಂದು ಮಳೆಗಾಲ ಪರೀಕ್ಷೆ ಮಾಡಿದೆವು. ಅಲ್ಲಿಯ ತನಕ ಆ ನೀರೆಲ್ಲ ಸಾಲಿಯ ಬೇವಿನ ಗಿಡಕ್ಕೆ ಹೋಯಿತು. ಕಡೆಗೊಂದು ದಿನ ಅಕ್ಕೋರು "ಇನ್ನ ಕುಡೀಬಹುದು" ಎಂದಾಗ ಫಕ್ಕೀರವ್ವ ಲೋಟ ಹಿಡಿದು ಮುಂದೆ ಬಂದಳು.

"ನಾ ಮದ್ಲ ಕುಡೀತೀನ್ರಿ. ಏನರ ಆದ್ರ ಮುದುಕಿಗೆ ಆಗ್ಲಿ."

"ಏ, ಕೊಡಿಲ್ಲೆ. ಮಾಡಿದಾಕಿ ನಾನು, ನಾ ಮದ್ಲ."

"ನಮ್ಮೂರ ನೀರ್ರಿ ಇದು!"

ಇಬ್ಬರೂ ಲೋಟ ಎಳೆದಾಡಿ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿಕೊಂಡರು. ಉಳಿದದ್ದನ್ನು ಅಕ್ಕೋರೇ ಕುಡಿದರು. ಫಕ್ಕೀರವ್ವ ಇನ್ನೊಂದು ಲೋಟ ತುಂಬಿಕೊಂಡು ಕುಡಿದು, "ಸಪ್ಪಗೈತಿ" ಎಂದಳು. ನಾವೆಲ್ಲ ಅಷ್ಟು ನಕ್ಕದ್ದು ಅದೇ ಮೊದಲು.

ಅವಳ ಮಣಕಾಲು ಸರಿಹೋಗಲಿಲ್ಲ. ಒಮ್ಮೆ ಕೆಟ್ಟ ಎಲುಬನ್ನು ನೀರು ತಿದ್ದಲಾರದು, ಅಕ್ಕೋರು ಅದನ್ನು ಅವಳಿಗೆ ಮೊದಲೇ ಹೇಳಿದ್ದರು. ಆದರೆ ಆಮೇಲೆ ಹುಟ್ಟಿದ ಮಕ್ಕಳ ಹಲ್ಲು ಬೆಳ್ಳಗೆ ಬಂದವು. ಬೇರೆ ರಾಜ್ಯಗಳಿಂದ ಮಂದಿ ಬಂದು ಆ ಮಣ್ಣಿನ ಗುಂಡು ನೋಡಿಕೊಂಡು ಹೋದರು. ಪ್ರಶಸ್ತಿಗಳೂ ಬಂದವು. ಅಕ್ಕೋರ ಪ್ರಬಂಧಗಳನ್ನು ಓದಿಯೇ ಈ ದಾರಿಗೆ ಬಂದೆವೆಂದು ಹೇಳುವವರು ಈಗ ನಾಲ್ಕೂ ಕಡೆ ಸಿಗುತ್ತಾರೆ.

ಕೊನೆಯ ತಿಂಗಳುಗಳಲ್ಲಿ ಅವರು ಹಾಸಿಗೆ ಹಿಡಿದರು. ಕಣ್ಣು ಮಂಜಾಗಿತ್ತು, ಹೋದಾಗಲೆಲ್ಲ ನಾನು ಏನಾದರೂ ಓದಿ ಹೇಳುತ್ತಿದ್ದೆ. ಒಂದು ಸಲ ಅಸ್ಸಾಂ ಕಡೆಯ ಒಬ್ಬ ಹುಡುಗಿಯ ಹೊಸ ಪ್ರಬಂಧ ಕೈಗೆ ಬಂತು. ಓದುತ್ತ ಓದುತ್ತ ನನ್ನ ದನಿ ಇಳಿಯಿತು. ಫ್ಲೋರೈಡ್ ಹಿಡಿಯುವ ಕಣ ಸಣ್ಣದಾದಷ್ಟೂ ಒಳ್ಳೆಯದು ಎಂದು ಅಕ್ಕೋರು ನೀರಿನ ಕುರಿತ ತಮ್ಮ ಮೊದಲ ಪ್ರಬಂಧದಲ್ಲಿ ಬರೆದಿದ್ದರು. ಹಾಗಲ್ಲ, ಒಂದು ಮಿತಿ ದಾಟಿದರೆ ಅವು ಒಂದಕ್ಕೊಂದು ಅಂಟಿಕೊಂಡು ಕೆಲಸ ಕೆಡುತ್ತದೆ ಎಂದು ಅವಳು ತೋರಿಸಿದ್ದಳು.

"ಯಾಕ ನಿಲ್ಲಿಸಿದಿ? ಓದು" ಎಂದರು. ಪೂರ್ತಿ ಓದಿದೆ. ಕಣ್ಣು ಮುಚ್ಚಿ ಕೇಳಿದರು. ಅಂಕಿಗಳನ್ನು ಎರಡು ಸಲ ಓದಿಸಿದರು. ಆಮೇಲೆ, "ಹೌದಲ್ಲ. ನನಗ ಯಾಕ ಹೊಳೀಲಿಲ್ಲ? ಹುಡುಗಿ ಶ್ಯಾಣ್ಯಾ ಅದಾಳ. ಆಕಿಗೆ ಬರಿ" ಎಂದರು.

"ಏನಂತ ಬರೀಲ್ರಿ?"

"ನಿಂದು ಖರೆ ಐತಿ, ನಂದು ತಪ್ಪಿತ್ತು ಅಂತ ಬರಿ. ನಮ್ಮ ನೀರಿನ ಮ್ಯಾಲೂ ನೋಡ್ತೀ ಅಂದ್ರ ಕಳಸ್ತೀವಿ ಅಂತ ಬರಿ."

ಕಳಸ್ತೀನಿ ಅನ್ನಲಿಲ್ಲ, ಕಳಸ್ತೀವಿ ಅಂದರು. ಫೋನಿನಲ್ಲೇ ಟೈಪು ಮಾಡಿ, ಓದಿ ಹೇಳಿ, ಕಳಿಸಿದೆ. ಅದಾದ ಕೆಲವೇ ದಿನಕ್ಕೆ ಹೋದರು.

ಆ ಹುಡುಗಿಯ ಉತ್ತರ ಬಂದದ್ದು ಅಕ್ಕೋರ ದಿನಕರ್ಮ ಮುಗಿದ ಮೇಲೆ. ಸುದ್ದಿ ಅವಳಿಗೆ ತಲುಪಿರಲಿಲ್ಲ. ದೊಡ್ಡ ಉಪಕಾರವಾಯಿತು ಮೇಡಂ, ದಯವಿಟ್ಟು ನೀರು ಕಳಿಸಿ ಎಂದು ಬರೆದಿದ್ದಳು.

ರವಿವಾರ ಮುಂಡರಗಿ ಬಸ್ಸಿಗೆ ಹೋದೆ. ಫಕ್ಕೀರವ್ವ ಈಗ ಬಿಸಿಯೂಟದ ಕೆಲಸ ಬಿಟ್ಟಿದ್ದಾಳೆ. ಮನೆಯ ಕಟ್ಟೆಯ ಮೇಲೆ ಕೂತವಳು ನನ್ನ ಹಿಂದೆ ಇನ್ನೊಬ್ಬರು ಬರುತ್ತಾರೇನೋ ಎಂದು ದಾರಿ ನೋಡಿದಳು. ಹೇಳಿದೆ. ಅವಳು ಗೋಡೆ ಹಿಡಿದು ಎದ್ದು, ಕೋಲೂರಿಕೊಂಡು ನನ್ನ ಜೊತೆ ಹಳೆಯ ಬೋರಿನ ತನಕ ಬಂದಳು. ನಾನು ಕೈಪಂಪು ಹೊಡೆದೆ, ಅವಳು ಕ್ಯಾನಿನ ಬಾಯಿ ಹಿಡಿದಳು.

"ಯಾವೂರಿಗೆ ಹೊಂಟೈತಿ ಈ ನೀರು?"

"ದೂರ ಐತಬೇ. ಅಸ್ಸಾಂ ಕಡೆ. ಅಲ್ಲೊಬ್ಬ ಹುಡುಗಿ ಕೇಳ್ಯಾಳ."

"ಕುಡ್ಯಾಕೇನು?"

"ಇಲ್ಲ, ನೋಡಾಕ."

ಕ್ಯಾನು ತುಂಬಿತು. ಫಕ್ಕೀರವ್ವ ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಸೆರಗಿನಿಂದ ಹೊರಮೈ ಒರೆಸಿ ನನ್ನ ಕೈಗೆ ಕೊಟ್ಟಳು.

"ಚಲೋತ್ನಂಗ ನೋಡು ಅಂತ ಹೇಳವಾ ಆಕಿಗೆ" ಎಂದಳು.